ಲುಂಗಿ ವಿಮಾನದ ರೆಕ್ಕೆಗಳು

ಸೊಹಾರ್
6 ಅಕ್ಟೋಬರ್ 2024

ಗುರುವ,

ಮುನಾಫ್‌ನ ಪಿಕಪ್ ಮಂಗಳವಾರ ಮಸ್ಕತ್ತಿಗೆ ಹೊರಡುತ್ತದೆ. ಅವನ ಟೊಮೆಟೊ ಪೆಟ್ಟಿಗೆಗಳ ನಡುವೆ ಈ ಕಾಗದವೂ ಒಂದು ರಟ್ಟಿನ ಕೊಳವೆಯೂ ಬರುತ್ತವೆ. ಕೊಳವೆಯಲ್ಲಿ ನಕ್ಷೆ ಇದೆ. ಬಿಚ್ಚುವ ಮೊದಲು ಕೈ ತೊಳೆದುಕೋ. ಹಿಂದಿನ ನಕ್ಷೆಗೆ ಅಂಟಿದ ಬಂಗುಡೆ ಪರಿಮಳ ಈಗಲೂ ನನ್ನ ಕಪಾಟಿನಲ್ಲಿ ಇದೆ.

ವಿಷಯ ಇಷ್ಟೆ. ಮುಂದಿನ ಜೂನ್‌ಗೆ ಕಂಪನಿ ನನ್ನನ್ನು ಬಿಡುತ್ತದೆ. ಮೊನ್ನೆ ಆಫೀಸಿಗೆ ಕರೆದು ಚಹಾ ಕೊಟ್ಟರು. ನಮ್ಮ ಕಂಪನಿಯಲ್ಲಿ ಚಹಾ ಕೊಟ್ಟರೆಂದರೆ ಖಲಾಸ್ ಎಂದೇ ಅರ್ಥ. ಅಲ್ಯೂಮಿನಿಯಂ ಕುಲುಮೆಯ ಪಕ್ಕ ಇಷ್ಟು ವರ್ಷ ಬೆಂದವನಿಗೆ ಊರಿನ ಬಿಸಿಲು ತಂಪೆನಿಸಬಹುದು. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ, ಬೇಸರವಿದೆ.

ಆದ್ದರಿಂದ ನಮ್ಮ ನಾಲ್ಕನೆಯ ಮಾದರಿ ವಿಮಾನವನ್ನು ಈಗಲೇ ಮಾಡಬೇಕು. ಮಸ್ಕತ್ತಿನ ಘಲಾ ಕ್ಯಾಂಪಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದಾಗ ಆ ಇಟಲಿಯ ಇಂಜಿನಿಯರ್ ಊರಿಗೆ ಹೋಗುವಾಗ ಬಿಸಾಡಿದ ಪತ್ರಿಕೆಗಳ ಕಟ್ಟು ನೆನಪಿದೆಯಲ್ಲ. ಫಿಯಟ್ ಕಂಪನಿಯ ಎರಡು ರೆಕ್ಕೆಯ ಫೈಟರ್ ವಿಮಾನಗಳು, 1923ರಿಂದ 1938ರವರೆಗೆ, ಎಲ್ಲವೂ ಒಬ್ಬನೇ ಇಟಲಿಯವನು ರೂಪಿಸಿದವು. ಮೊದಲನೆಯದರ ಚಿತ್ರ ನೋಡಿ ನೀನು, "ಎಂತ ಮಾರಾಯ ಇದು, ಮೇಲೆ ಗಿಡ್ಡ ಅಂಗಿ, ಕೆಳಗೆ ಉದ್ದ ಲುಂಗಿ," ಎಂದಿದ್ದೆ. ಲೋಕದ ವಿಮಾನಗಳಿಗೆಲ್ಲ ಮೇಲಿನ ರೆಕ್ಕೆ ಉದ್ದ, ಇದಕ್ಕೆ ಕೆಳಗಿನದು ಉದ್ದ. ಆ ಲುಂಗಿ ವಿಮಾನದಿಂದ ಶುರುವಾಯಿತು ನಮ್ಮ ಹುಚ್ಚು. ಎರಡನೆಯದು 1926ರದ್ದು, ಮೇಲಿನ ರೆಕ್ಕೆ ಉದ್ದವಾಗಿ ಸರಿಹೋದದ್ದು, ನೀನು ಕೊಡೆ ಎಂದೆ. ಮೂರನೆಯದು 1933ರದ್ದು, ಮೂತಿಯ ಕೆಳಗೆ ನೀರಿನ ರೇಡಿಯೇಟರ್ ಜೋತಾಡುವ ಗದ್ದದವ. ಈಗ ಉಳಿದದ್ದು ಕೊನೆಯದು, 1938ರ ದುಂಡು ಮೂತಿಯ ಮಡಕೆ.

ಕೆಲಸದ ಕ್ರಮ ಮೊದಲಿನಂತೆಯೇ. ರೆಕ್ಕೆಗಳು ನಿನ್ನವು, ಒಡಲು ನನ್ನದು. ಅಳತೆ ಏನಿದ್ದರೂ ಕಾಗದದಲ್ಲಿ, ಫೋನಿನಲ್ಲಿ ಬೇಡ. ನನ್ನನ್ನು ರುಸ್ತಾಕ್ ಸೈಟಿಗೆ ಹಾಕಿದಾಗ ನಾವೇ ಮಾಡಿಕೊಂಡ ಕಾನೂನು ಇದು. ಅಂದಹಾಗೆ, ಬಂದೂಕು ಇದಕ್ಕೂ ಕೂರಿಸುವುದಿಲ್ಲ. ಸ್ಪೇನಿನ ಯುದ್ಧದಲ್ಲಿ ಆ ವಿಮಾನಗಳು ಮಾಡಿದ ಕೆಲಸ ನಮಗೆ ಬೇಡ.

ಮೇ ತಿಂಗಳ ಸೆಕೆ ಏರುವ ಮೊದಲು ರುಸ್ತಾಕ್ ದಾರಿಯ ನಮ್ಮ ಬಯಲಿನಲ್ಲಿ ಹಾರಿಸೋಣ. ಇಬ್ಬರೂ ನಿಂತು ಹಾರಿಸದೆ ನಾನು ಈ ದೇಶ ಬಿಡುವವನಲ್ಲ. ಉಮಕ್ಕನಿಗೆ ನಮಸ್ಕಾರ.

ನಿನ್ನ
ಗ್ಲಾಡ್ವಿನ್


ಖುರುಮ್
24 ಅಕ್ಟೋಬರ್ 2024

ಪ್ರೀತಿಯ ಗ್ಲಾಡ್ವಿನ್,

ನಕ್ಷೆ ಬಂತು. ಕೈ ತೊಳೆದೇ ಬಿಚ್ಚಿದೆ, ಅದೂ ಎರಡು ಸಲ, ಉಮಾವತಿ ಸಾಕ್ಷಿ. ನಿನ್ನ ಕಂಪನಿಯ ಚಹಾದ ಸುದ್ದಿಯನ್ನು ಉಮಾವತಿಗೂ ಓದಿ ಹೇಳಿದೆ. ನೀನಿಲ್ಲದ ಸೊಹಾರ್ ನನಗೆ ಬರೀ ರಸ್ತೆ ಫಲಕದಲ್ಲಿನ ಹೆಸರು.

ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ ಕೂತಿದ್ದೇನೆ. ಇದನ್ನು ರೂಪಿಸಿದ ಆ ಇಟಲಿಯವನ ಹಟ ನೋಡು. ಅಷ್ಟು ಹೊತ್ತಿಗೆ ಲೋಕವೆಲ್ಲ ಒಂಟಿ ರೆಕ್ಕೆಗೆ ಹೋಗಿತ್ತು. ಮುಚ್ಚಿದ ಗಾಜಿನೊಳಗೆ ಕೂತು ಹಾರಿಸುವ ಕಾಲ ಬಂದಿತ್ತು. ಇವನು ಮಾತ್ರ ಎರಡೇ ರೆಕ್ಕೆ, ತೆರೆದ ಪೀಠ, ಮಡಚದ ಗಾಲಿ ಎಂದು ಕೂತ. ಹಳೆಯ ಪೈಲಟ್‌ಗಳಿಗೆ ಮುಖಕ್ಕೆ ಗಾಳಿ ಬಡಿಯಬೇಕಿತ್ತಂತೆ. ಹಳೆಯ ಬಗೆಯ ವಿಮಾನವನ್ನು ಎಷ್ಟು ಚೆನ್ನಾಗಿ ಮಾಡಲು ಸಾಧ್ಯವೋ ಅಷ್ಟು ಚೆನ್ನಾಗಿ ಮಾಡಿದ, ಅದರ ಹೊತ್ತು ಮುಗಿದ ಮೇಲೆ. ನನಗೆ ಅವನ ಮೇಲೆ ಪ್ರೀತಿ ಹುಟ್ಟುವುದು ಇಲ್ಲಿಯೇ.

ಎರಡು ರೆಕ್ಕೆಗಳ ನಡುವಿನ ಓರೆ ಕಡ್ಡಿಗಳು ಮಾತ್ರ ಮೊದಲಿನಿಂದ ಕೊನೆವರೆಗೆ ಅವೇ. ತಂತಿ ಬಿಗಿಯುವ ತಂಟೆಯಿಲ್ಲ, ಕಡ್ಡಿಗಳೇ ಭಾರ ಹಂಚಿಕೊಳ್ಳುತ್ತವೆ. ಅವನ್ನು ನಾನು ಬಿದಿರಿನಲ್ಲೇ ಮಾಡುತ್ತೇನೆ. ಉಳಿದದ್ದಕ್ಕೆ ಹಗುರದ ಬಾಲ್ಸಾ ಮರ ಇಲ್ಲಿಯೇ ಅಂಗಡಿಯಲ್ಲಿ ಸಿಕ್ಕಿತು.

ಒಂದು ಪ್ರಶ್ನೆ. ಗದ್ದದ ಕೆಳಗಿನ ರೇಡಿಯೇಟರ್ ನೀನು ತಗಡಿನಲ್ಲಿ ಮಾಡುತ್ತೀಯೋ, ಮರದಲ್ಲೋ? ತೂಕ ನೋಡಿಕೊಂಡು ಬರೆ. ಮೂತಿ ಭಾರವಾದರೆ ನನ್ನ ರೆಕ್ಕೆಗಳಿಗೆ ಬೈಬೇಡ.

ಇಲ್ಲಿ ಆಫೀಸಿನಲ್ಲಿ ಕಿರಿಕಿರಿ. ಹೊಸ ಮ್ಯಾನೇಜರ್ ನನ್ನ ಪ್ರತಿ ನಕ್ಷೆಯನ್ನೂ ಎರಡು ಸಲ ನೋಡುತ್ತಾನೆ. ಹುಡುಗ, ಕಲಿಯಲಿ ಎಂದು ಸುಮ್ಮನಿದ್ದೇನೆ.

ನಿನ್ನ
ಗುರುವ


ಸೊಹಾರ್
12 ನವೆಂಬರ್ 2024

ಗುರುವ,

ರೇಡಿಯೇಟರ್ ಎಲ್ಲಿಂದ ತಂದೆ ಮಾರಾಯ? ಮಡಕೆಗೆ ನೀರಿಲ್ಲ, ಗಾಳಿಯಲ್ಲೇ ತಣಿಯುವ ಇಂಜಿನ್, ಅದಕ್ಕೇ ಮೂತಿ ದುಂಡು. ಗದ್ದದ್ದು ಹೋದ ಸಲದ ವಿಮಾನದ ಕತೆ. ಆ ಮ್ಯಾನೇಜರ್ ಹುಡುಗ ಎರಡು ಸಲ ನೋಡುವುದು ತಪ್ಪಲ್ಲ ಎನಿಸುತ್ತದೆ.

ತಮಾಷೆ ಬಿಡು. ನನ್ನ ಒಡಲಿನ ಅಸ್ಥಿಪಂಜರ ನಿಂತಿದೆ. ವರ್ಕ್‌ಶಾಪಿನ ಚೂರು ಅಲ್ಯೂಮಿನಿಯಂನಲ್ಲಿ ಮೂತಿಯ ಬಳೆ ಬಡಿದೆ. ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವನು ಮನೆಯ ಬಾಗಿಲು ಹಾಕಿ ಕೂತರೆ ಹಸಿವೂ ತಿಳಿಯುವುದಿಲ್ಲ. ನನ್ನ ಸ್ಟೆಲ್ಲಾ ತೀರಿಹೋದ ಮೇಲೆ ಶುಕ್ರವಾರಗಳು ಉದ್ದವಾಗಿದ್ದವು. ಈಗ ಸ್ವಲ್ಪ ಗಿಡ್ಡವಾಗಿವೆ.

ರೆಕ್ಕೆ ಕೂರಿಸುವ ಜಾಗದ ಅಳತೆ ಹಿಂದಿನ ಪುಟದಲ್ಲಿದೆ. ನೆನಪಿಡು, ಮೇಲಿನದು ಉದ್ದ, ಕೆಳಗಿನದು ಅದರ ಮೂರರಲ್ಲಿ ಎರಡು ಪಾಲು. ಕ್ರಿಸ್ಮಸ್ಸಿಗೆ ಸಿಕ್ಕಿದರೆ ಸಂತೋಷ, ಅವಸರವಿಲ್ಲ.

ನಿನ್ನ
ಗ್ಲಾಡ್ವಿನ್


ಖುರುಮ್
5 ಜನವರಿ

ಪ್ರೀತಿಯ ಗ್ಲಾಡ್ವಿನ್,

ತಡವಾಯಿತು, ಕ್ಷಮಿಸು. ಅಳತೆಯ ಪುಟವನ್ನು ಎಲ್ಲೋ ಇಟ್ಟೆ, ಉಮಾವತಿ ಫ್ರಿಜ್‌ನಲ್ಲಿ ಹುಡುಕಿ ಕೊಟ್ಟಳು. ಅವಳೇ ಅಲ್ಲಿ ಇಟ್ಟಿರಬೇಕು, ಒಪ್ಪಿಕೊಳ್ಳುವುದಿಲ್ಲ.

ರೆಕ್ಕೆಯ ಕೆಲಸ ಜೋರಾಗಿದೆ. ಕೊಡೆ ಅರಳಿದಂತೆ ಬರುತ್ತದೆ ಈ ಸಲ. ಮೊದಲ ಲುಂಗಿಯಿಂದ ಈ ಕೊಡೆಗೆ ಬರುವಷ್ಟರಲ್ಲಿ ಆ ಇಟಲಿಯವನು ಮೂರು ವರ್ಷ ತೆಗೆದುಕೊಂಡ, ನಾವು ಐದು. ಇದಾದ ಮೇಲೆ ಇನ್ನೂ ಒಂದೆರಡು ಮಾಡಿದ್ದಾನಂತೆ, ನಕ್ಷೆ ಸಿಕ್ಕಿದರೆ ಅವನ್ನೂ ಮಾಡೋಣ.

ಮತ್ತೆ, ಸ್ಟೆಲ್ಲಾಳಿಗೆ ಹೇಳು, ಹೊಸ ವರ್ಷಕ್ಕೆ ಅವಳು ಮಾಡುವ ಕುಸ್ವಾರ ಸಿಹಿತಿಂಡಿಯ ಡಬ್ಬಿ ಈ ಸಲ ಬರಲಿಲ್ಲ. ನೆವ್ರಿ ಇಲ್ಲದೆ ನನ್ನ ಕೈ ಓಡುವುದಿಲ್ಲ. ಮುಂದಿನ ಶುಕ್ರವಾರ ಇಬ್ಬರೂ ಬನ್ನಿ, ಉಮಾವತಿ ಕೋರಿರೊಟ್ಟಿ ಮಾಡುತ್ತಾಳೆ. ಸ್ಟೆಲ್ಲಾಳ ಕೆಮ್ಮು ಹೇಗಿದೆ?

ನಿನ್ನ
ಗುರುವ


ಸೊಹಾರ್
11 ಜನವರಿ 2025

ಗುರುವ,

ನಿನ್ನ ಕಾಗದ ಮೂರು ಸಲ ಓದಿದೆ.

ಸ್ಟೆಲ್ಲಾ ಸತ್ತು ಎಂಟು ವರ್ಷ ದಾಟಿತು. ಮದುವೆಗೆ ಮೊದಲು ಅವಳ ಫೋಟೊ ನೋಡಿ "ಒಪ್ಪಿಕೋ" ಎಂದವನೂ ನೀನೇ, ಶಿರ್ವದಲ್ಲಿ ನನ್ನ ಪಕ್ಕ ನಿಂತು ಮಣ್ಣು ಹಾಕಿದವನೂ ನೀನೇ. ರೇಡಿಯೇಟರ್ ಬಗ್ಗೆ ನಾನು ತಮಾಷೆ ಮಾಡಿದ್ದಕ್ಕೆ ಇದು ಉತ್ತರವಾದರೆ ಬಹಳ ದೊಡ್ಡ ಉತ್ತರ ಕೊಟ್ಟಿದ್ದೀಯ. ವಿಮಾನದ ವಿಷಯದಲ್ಲಿ ನಗು, ನನ್ನ ಬೋಳು ತಲೆಗೆ ನಗು. ಈ ವಿಷಯದಲ್ಲಿ ಬೇಡ.

ರೆಕ್ಕೆ ಕಳಿಸುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಫೋನ್ ಮಾಡಬೇಡ, ನಾನು ಎತ್ತುವುದಿಲ್ಲ.

ಗ್ಲಾಡ್ವಿನ್


ಖುರುಮ್
3 ಮಾರ್ಚ್ 2025

ಗ್ಲಾಡ್ವಿನಣ್ಣನಿಗೆ,

ಉಮಾವತಿ ಮಾಡುವ ನಮಸ್ಕಾರಗಳು. ನಾನು ನಿಮಗೆ ಕಾಗದ ಬರೆಯುವುದು ಇದೇ ಮೊದಲು. ನಿಮ್ಮಿಬ್ಬರ ನಡುವೆ ನಾನು ಬಂದವಳಲ್ಲ. ನೀವು ಫೋನ್ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಜನವರಿಯ ಕಾಗದ ಓದಿ ಅವರು ಅದನ್ನು ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ ಒಳಗೆ ಬಂದು, "ಉಮಾ, ಸ್ಟೆಲ್ಲಾ ತೀರಿಕೊಂಡ್ಳಂತೆ, ನಮಗೆ ಯಾರೂ ಹೇಳ್ಲೇ ಇಲ್ಲ," ಎಂದು ಅತ್ತರು. ಮರುದಿನ ಕಾಗದ ಮತ್ತೆ ಕಣ್ಣಿಗೆ ಬಿತ್ತು, ಮತ್ತೆ ಅತ್ತರು. ಮೂರನೆಯ ದಿನ ನಾನದನ್ನು ಅಡಗಿಸಿಟ್ಟೆ. ಅಣ್ಣ, ಅದು ತಮಾಷೆಯಲ್ಲ, ಮರೆವಿನ ಕಾಯಿಲೆ. ಡಾಕ್ಟರು ತಲೆಯ ಸ್ಕ್ಯಾನ್ ಮಾಡಿ ಹೇಳಿದರು. ಮೊದಲು ಇತ್ತೀಚಿನದು ಹೋಗುತ್ತದೆ, ಆಮೇಲೆ ಅದರ ಹಿಂದಿನದು, ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತದಂತೆ. ಎಲ್ಲಿವರೆಗೆ ಎಂದು ಕೇಳಿದೆ. ಅವರು ಮಾತ್ರೆಯ ಚೀಟಿ ಬರೆದುಕೊಟ್ಟರು.

ಆಫೀಸಿನಲ್ಲಿ ಒಂದು ಕ್ಲಿನಿಕ್ಕಿನ ನಕ್ಷೆ ಬರೆದರಂತೆ, ಕೋಣೆಗಳೆಲ್ಲ ಇದ್ದವು, ಬಾಗಿಲೇ ಇರಲಿಲ್ಲ. ಹೋದ ತಿಂಗಳು ಕೆಲಸದಿಂದ ಬಿಡುಗಡೆ ಮಾಡಿದರು. ಮೇ ಹದಿನೈದಕ್ಕೆ ನಾವು ಹೊರಡುತ್ತೇವೆ. ಸುರತ್ಕಲ್ಲಿನಲ್ಲಿ ಮಗಳು ಸಮೀಕ್ಷಾಳ ಮನೆಯಲ್ಲಿ ಇರುವುದೆಂದು ಆಗಿದೆ. ಇವರಿಗೆ ಇನ್ನೂ ಹೇಳಿಲ್ಲ.

ರೆಕ್ಕೆಗಳನ್ನು ಮುನಾಫ್‌ನ ಕೈಯಲ್ಲಿ ಕಳಿಸಿದ್ದೇನೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಕೂತು ಮಾಡಿದ್ದಾರೆ. ಆ ಕೆಲಸ ಮಾಡುವಾಗ ಒಂದು ಮಾತೂ ತಪ್ಪುವುದಿಲ್ಲ. ನನಗೆ ಅಳತೆ ಗೊತ್ತಾಗುವುದಿಲ್ಲ. ಆದರೂ ನೀವು ಕಳಿಸಿದ ನಕ್ಷೆಯ ಪಕ್ಕ ಇಟ್ಟು ನೋಡಿದೆ, ಏನೋ ಸರಿಯಿಲ್ಲ ಎನಿಸಿತು. ಸರಿಯಿಲ್ಲದಿದ್ದರೆ ಅವರಿಗೆ ಹೇಳಬೇಡಿ. ಬೇಕಾದರೆ ನನಗೆ ಬೈಯಿರಿ.

ನಿಮ್ಮ ತಂಗಿ
ಉಮಾವತಿ


ಸೊಹಾರ್
9 ಮಾರ್ಚ್ 2025

ಉಮಕ್ಕ,

ಮುನಾಫ್ ಉಪವಾಸದಲ್ಲೇ ಆ ಉದ್ದದ ಪೆಟ್ಟಿಗೆಯನ್ನು ಒಬ್ಬನೇ ಮಹಡಿಗೆ ಹೊತ್ತು ತಂದ. "ಗುರುವಣ್ಣ ಎನ್ನ ಹೆಸರು ಎರಡು ಸಲ ಕೇಳಿದ್ರು ಸಾಹೇಬ್ರೇ, ವಾರವಾರವೂ ನೋಡುವವ ನಾನು," ಎಂದು ಹೇಳಿ ನಿಲ್ಲದೆ ಇಳಿದು ಹೋದ. ನಾನು ಮೊದಲು ಪೆಟ್ಟಿಗೆ ಬಿಚ್ಚಿದೆ, ಆಮೇಲೆ ನಿಮ್ಮ ಕಾಗದ.

ಕಾಗದ ಓದುವ ಮೊದಲೇ ನನಗೆ ಗೊತ್ತಾಗಿತ್ತು. ಕೆಳಗಿನ ರೆಕ್ಕೆ ಉದ್ದ, ಮೇಲಿನದು ಗಿಡ್ಡ. ಅದು 1938ರ ಮಡಕೆಗಲ್ಲ, 1933ರ ಗದ್ದಕ್ಕಲ್ಲ, 1926ರ ಕೊಡೆಗೂ ಅಲ್ಲ. ಅದು ಲುಂಗಿ, ಮೊಟ್ಟಮೊದಲನೆಯದು. ಅದರ ನಕ್ಷೆ ಈಗ ನನ್ನ ಹತ್ತಿರವೂ ಇಲ್ಲ, ಗೆದ್ದಲು ತಿಂದು ಎಷ್ಟೋ ಕಾಲವಾಯಿತು. ಅವನು ಒಂದು ಕೂದಲೆಳೆ ತಪ್ಪದೆ ಮಾಡಿದ್ದಾನೆ. ರೆಕ್ಕೆಗೆ ಹೊದಿಸಿದ ಬಟ್ಟೆಯಡಿ, ಅವನ ಹೆಸರು ಬರೆಯುವ ಜಾಗದಲ್ಲಿ, ಕ್ಯಾಂಪಿನ ಕೋಣೆಯ ನಂಬರೂ ಇದೆ.

ಅಕ್ಟೋಬರಿನಲ್ಲಿ ಗದ್ದ ಎಂದ, ಜನವರಿಯಲ್ಲಿ ಕೊಡೆ ಎಂದ, ಈಗ ಲುಂಗಿ. ನನ್ನ ಕಣ್ಣೆದುರೇ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ನಾನು ಅವನ ಮೇಲೆ ಸಿಟ್ಟು ಮಾಡಿಕೊಂಡು ಫೋನ್ ಎತ್ತದೆ ಕೂತಿದ್ದೆ. ನನಗೆ ಬೈಯಲು ನಿಮಗೆ ಹಕ್ಕಿದೆ, ಉಮಕ್ಕ. ನೀವು ಬೈಯಲಿಲ್ಲ, ಅದು ಇನ್ನೂ ಕಷ್ಟ.

ಬೇರೆ ರೆಕ್ಕೆ ಮಾಡಿಸುವ ಮಾತೇ ಇಲ್ಲ. ನನ್ನ ಮಡಕೆಯ ಒಡಲನ್ನು ನಿನ್ನೆ ಬಿಚ್ಚಿದೆ. ಬಡಿದ ಬಳೆ ತೆಗೆದೆ, ಉದ್ದನೆಯ ಹಳೆಯ ಮೂತಿಗೆ ಮರ ಕೊಯ್ದಿದ್ದೇನೆ. ಅವನ ರೆಕ್ಕೆಗೆ ಸರಿಹೋಗುವ ಒಡಲು ಮಾಡುತ್ತೇನೆ. ಇಷ್ಟು ವರ್ಷ ಮುಂದಕ್ಕೆ ಮಾಡಿಕೊಂಡು ಹೋದೆವು, ಈಗ ಅವನಿರುವ ಕಡೆಗೆ ನಾನೇ ಹೋಗಬೇಕು. ಮೇ ಎರಡು ಶುಕ್ರವಾರ. ಬೆಳಿಗ್ಗೆ ತಂಪಿರುವಾಗ ಅವನನ್ನು ರುಸ್ತಾಕ್ ಬಯಲಿಗೆ ಕರೆದುಕೊಂಡು ಬರುತ್ತೀರಾ? ಅವನು ನನ್ನನ್ನು ನೋಡಬೇಕು, ವಿಮಾನ ಹಾರುವುದನ್ನೂ ನೋಡಬೇಕು. ಎರಡೂ ಆಗದಿದ್ದರೆ ಒಂದಾದರೂ ಆಗಲಿ.

ಗ್ಲಾಡ್ವಿನ್


ಖುರುಮ್
2 ಏಪ್ರಿಲ್ 2025

ಗ್ಲಾಡ್ವಿನಣ್ಣ,

ಬರುತ್ತೇವೆ. ಮುನಾಫ್ ಅವತ್ತು ಗಾಡಿ ಖಾಲಿ ಬಿಟ್ಟು ನಮಗಾಗಿ ಬರುತ್ತಾನಂತೆ, ಬೇಡ ಎಂದರೂ ಕೇಳಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊನ್ನೆ ಸಮೀಕ್ಷಾ ವಿಡಿಯೊ ಕಾಲ್ ಮಾಡಿದಾಗ, "ಈ ಹೆಂಗಸು ಯಾರು, ನಮ್ಮ ಅಕ್ಕನ ಹಾಗೆ ಇದ್ದಾಳಲ್ಲ," ಎಂದರು. ಅವಳು ಕ್ಯಾಮೆರಾ ಮುಚ್ಚಿದಳು. ನನ್ನನ್ನು ಈಗಲೂ ಗುರುತಿಸುತ್ತಾರೆ, ಆದರೆ ಯಾವಾಗ ಮದುವೆಯಾದದ್ದು ಎಂದು ಕೇಳುತ್ತಾರೆ. ನಿಮ್ಮ ಹೆಸರು ಮಾತ್ರ ದಿನಾ ಬಾಯಲ್ಲಿ ಇರುತ್ತದೆ. "ಗ್ಲಾಡ್ವಿನ್ ರುಸ್ತಾಕಿಂದ ಬರ್ಲಿಲ್ವಾ?" ಎಂದು ಬಾಗಿಲು ನೋಡುತ್ತಾರೆ. ನೀವು ಗಟ್ಟಿ ಮನಸ್ಸು ಮಾಡಿಕೊಂಡು ಬನ್ನಿ. ಅವರು ಏನು ಹೇಳಿದರೂ ತಿದ್ದಬೇಡಿ. ತಿದ್ದಿದರೆ ಹೆದರುತ್ತಾರೆ.

ಉಮಾವತಿ


ಘಲಾ ಕ್ಯಾಂಪ್
4 ಮೇ 1996

ಪ್ರೀತಿಯ ಗ್ಲಾಡ್ವಿನ್,

ನೀನು ರುಸ್ತಾಕ್ ಸೈಟಿಗೆ ಹೋದ ಮೇಲೆ ಕೋಣೆ ಬಿಕೋ ಎನ್ನುತ್ತದೆ. ಒಂದು ವಿಷಯ ಹೇಳಲೇಬೇಕು. ನಿನ್ನ ಅಪ್ಪ ಊರಿನಿಂದ ಬಂದಿದ್ದಾರೆ ಎಂದು ನೀನು ಯಾಕೆ ಬರೆಯಲಿಲ್ಲ? ನನ್ನನ್ನು ಬಯಲಿಗೆ ಕರೆಸಿಕೊಂಡು ನಮ್ಮ ಲುಂಗಿ ವಿಮಾನ ಹಾರಿಸಿ ತೋರಿಸಿದರು. ನಿನ್ನದೇ ಮೂಗು, ನಿನ್ನದೇ ನಡಿಗೆ. ತಲೆ ಮಾತ್ರ ಪೂರ್ತಿ ಬೋಳು. ನಿನಗೂ ಅದೇ ಗತಿ, ಈಗಲೇ ಎಣ್ಣೆ ಹಚ್ಚಿಕೋ.

ಬಹಳ ಒಳ್ಳೆಯ ಕೈ ಅವರದ್ದು. ಒಂದೇ ಸಲಕ್ಕೆ ಎತ್ತಿದರು. ನಮ್ಮ ಹಾಗೆ ದಾರ ಕಟ್ಟಿ ಸುತ್ತ ತಿರುಗಿಸಿದ್ದಲ್ಲ, ಕೈಯಲ್ಲಿ ಒಂದು ಡಬ್ಬಿ ಹಿಡಿದು ದೂರ ಬೆಟ್ಟದ ಕಡೆಗೆ ಬಿಟ್ಟರು, ಅದು ತಿರುಗಿ ನಮ್ಮ ಕಡೆಗೇ ಬಂತು. ಕೆಳಗಿನ ಉದ್ದ ರೆಕ್ಕೆಯ ಮೇಲೆ ಬಿಸಿಲು ಬಿತ್ತು. ಒಂದು ಕಡ್ಡಿಯೂ ಅಲುಗಲಿಲ್ಲ. "ರೆಕ್ಕೆ ಯಾರು ಮಾಡಿದ್ದು?" ಎಂದು ಕೇಳಿದೆ. "ನನ್ನ ಮಗನ ಸ್ನೇಹಿತ," ಎಂದರು. ನನ್ನ ಹೆಸರು ಹೇಳಲು ಅವರಿಗೆ ಯಾಕೆ ಸಂಕೋಚವೋ.

ಇಳಿಸಿದ ಮೇಲೆ ಇಬ್ಬರೂ ನೆರಳಿನಲ್ಲಿ ಕೂತೆವು. ಫ್ಲಾಸ್ಕಿನಿಂದ ಚಹಾ ಕೊಟ್ಟರು. ಹಿರಿಯರು, ನಾನೇ ಮೊದಲು ಮಾತು ತೆಗೆದೆ. "ಮಗನಿಗೆ ಶಿರ್ವದ ಹುಡುಗಿ ನೋಡಿದ್ದೀರಂತಲ್ಲ, ಸ್ಟೆಲ್ಲಾ ಅಂತ, ಫೋಟೊ ನಾನೂ ನೋಡಿದ್ದೇನೆ," ಎಂದೆ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು.

ಅವರಿಗೆ ಮನಸ್ಸಿಲ್ಲವೋ ಏನೋ. ನೀನು ಹೆದರಬೇಡ. ಫೋಟೊದಲ್ಲಿ ಆ ಹುಡುಗಿ ನಗು ತಡೆದುಕೊಂಡು ನಿಂತಿದ್ದಾಳೆ, ಅಂಥವಳು ಸಿಕ್ಕಿದರೆ ಜೀವನ ಸುಖವಾಗಿ ಕಳೆಯುತ್ತದೆ. ನನ್ನ ಮಾತು ಕೇಳು, ಒಪ್ಪಿಕೋ. ಮದುವೆಯಾದ ಮೇಲೆ ವಿಮಾನ ಮಾತ್ರ ಬಿಡಬೇಡ.

ಬೇಗ ಉತ್ತರ ಬರೆ. ಇಲ್ಲಿ ಯಾರೋ ಪೆಟ್ಟಿಗೆ ಕಟ್ಟುತ್ತಿದ್ದಾರೆ, ಎಲ್ಲಿಗೆ ಎಂದು ಹೇಳುವುದಿಲ್ಲ.

ನಿನ್ನ
ಗುರುವ

(ಅಣ್ಣ, ಸ್ಥಳ, ತಾರೀಕು ಎಲ್ಲ ಅವರೇ ಬರೆದದ್ದು, ನಾನು ಹಾಗೆಯೇ ಬಿಟ್ಟೆ. ಉತ್ತರಕ್ಕೆ ದಿನಾ ಕಾಯುತ್ತಾರೆ. ಹದಿನೈದರ ಒಳಗೆ ತಲುಪುವಂತೆ ಎರಡು ಸಾಲು ಬರೆದರೂ ಸಾಕು. — ಉಮಾವತಿ)


ರುಸ್ತಾಕ್ ಸೈಟ್
10 ಮೇ 1996

ಗುರುವ,

ನಿನ್ನ ಕಾಗದ ಸಿಕ್ಕಿತು. ಅಪ್ಪ ಬಂದದ್ದು ಹೌದು. ನಿನ್ನ ಬಗ್ಗೆ ಬಹಳ ಹೇಳಿದರು. ಅಂಥ ರೆಕ್ಕೆಯನ್ನು ಅವರ ಜನ್ಮದಲ್ಲಿ ಬೇರೆ ಯಾರೂ ಮಾಡಿದ್ದು ನೋಡಿಲ್ಲವಂತೆ. ನಿನ್ನ ಹೆಸರು ಹೇಳದೆ ಇದ್ದದ್ದು ಸಂಕೋಚದಿಂದಲ್ಲ, ಆ ಹೊತ್ತಿಗೆ ಅವರ ಕಣ್ಣೆಲ್ಲ ವಿಮಾನದ ಮೇಲಿತ್ತು. ಅವರಿಗೆ ವಯಸ್ಸಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಲುಂಗಿಯನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಇದರ ನಂತರದ್ದಕ್ಕೆ ಮೇಲಿನ ರೆಕ್ಕೆ ಉದ್ದ ಮಾಡಿದ್ದಾನಂತೆ ಇಟಲಿಯವನು. ನಕ್ಷೆ ಇನ್ನೂ ಕೈಗೆ ಬಂದಿಲ್ಲ. ಬಂದ ಕೂಡಲೇ ಕಳಿಸುತ್ತೇನೆ. ನೀನು ಎಲ್ಲಿದ್ದರೂ ಕಳಿಸುತ್ತೇನೆ. ಪೆಟ್ಟಿಗೆ ಕಟ್ಟುವವರು ನಮ್ಮವರೇ, ಅವರು ಕರೆದಲ್ಲಿಗೆ ಹೋಗು.

ಸ್ಟೆಲ್ಲಾಳ ವಿಷಯ. ಫೋಟೊ ಮತ್ತೆ ತೆಗೆದು ನೋಡಿದೆ. ನೀನು ಹೇಳಿದ್ದು ನಿಜ, ನಗು ತಡೆದುಕೊಂಡೇ ನಿಂತಿದ್ದಾಳೆ. ಒಪ್ಪಿಗೆ ಎಂದು ಊರಿಗೆ ಇವತ್ತೇ ಬರೆಯುತ್ತೇನೆ. ಮದುವೆಗೆ ನೀನು ನನ್ನ ಪಕ್ಕದಲ್ಲೇ ನಿಲ್ಲಬೇಕು.

ನಿನ್ನ
ಗ್ಲಾಡ್ವಿನ್